ಕೊಂಡಿಯಂತೆ ಕಾಣುವ, ಕೊಂಡಿಯಲ್ಲದ ಅಕ್ಷರಗಳು

ನನ್ನ ಬಲಗೈ ನಡುಗುತ್ತದೆ. ಎಂಟು ವರ್ಷಗಳಿಂದ ಹೀಗೇ ಇದೆ, ವಾಸಿಯಾಗುವ ಕಾಯಿಲೆಯೂ ಅಲ್ಲ. ಮೌಸ್ ಹಿಡಿದರೆ ಬಾಣದ ಗುರುತು ತೆರೆಯ ಮೇಲೆಲ್ಲ ಓಡಾಡುತ್ತದೆ. ಒತ್ತಬೇಕಾದದ್ದನ್ನು ಬಿಟ್ಟು ಪಕ್ಕದ್ದನ್ನು ಒತ್ತಿಬಿಡುತ್ತೇನೆ. ಕೀಲಿಮಣೆಯಲ್ಲಿ ಆ ತೊಂದರೆ ಇಲ್ಲ, ಏಕೆಂದರೆ ಕೀಲಿ ಇದ್ದಲ್ಲೇ ಇರುತ್ತದೆ, ಮಣಿಕಟ್ಟನ್ನು ಮೇಜಿಗೆ ಊರಿ ಬೆರಳಿಟ್ಟರೆ ಸಾಕು. ಟ್ಯಾಬ್ ಕೀಲಿ ಒತ್ತಿದರೆ ಮುಂದಿನ ಕೊಂಡಿ (ಲಿಂಕ್), ಶಿಫ್ಟ್ ಜೊತೆ ಟ್ಯಾಬ್ ಒತ್ತಿದರೆ ಹಿಂದಿನದು, ಎಂಟರ್ ಒತ್ತಿದರೆ ಆ ಪುಟದ ಒಳಕ್ಕೆ. ಇಷ್ಟರಿಂದಲೇ ನನ್ನ ದುಡಿಮೆ, ಪತ್ರವ್ಯವಹಾರ, ಹಣಕಾಸಿನ ಕೆಲಸ ಎಲ್ಲವೂ ನಡೆಯುತ್ತಿತ್ತು.

ಕಳೆದ ವರ್ಷ ನನ್ನ ಆರೋಗ್ಯ ವಿಮೆಯ ಸಂಸ್ಥೆ ತನ್ನ ವೆಬ್ ಅಪ್ಲಿಕೇಶನ್ನನ್ನು ಹೊಸದಾಗಿ ಕಟ್ಟಿಸಿತು. ಆಸ್ಪತ್ರೆಯ ಬಿಲ್ಲುಗಳನ್ನು ಕಳುಹಿಸಲೆಂದು ಒಂದು ಸಂಜೆ ಒಳಗೆ ಹೋದೆ. ಪರದೆಯ ಎಡಗಡೆ ‘ನನ್ನ ಪಾಲಿಸಿ’, ‘ಕ್ಲೇಮ್ ಸಲ್ಲಿಸಿ’, ‘ರಸೀದಿ ಇಳಿಸಿಕೊಳ್ಳಿ’ ಎಂದು ನೀಲಿ ಅಕ್ಷರಗಳಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಟ್ಯಾಬ್ ಒತ್ತಿದೆ. ಹುಡುಕುವ ಪೆಟ್ಟಿಗೆಗೆ ಹೋಯಿತು. ಮತ್ತೆ ಒತ್ತಿದೆ. ಪುಟದ ತಳದಲ್ಲಿದ್ದ ‘ನಿಯಮಗಳು ಮತ್ತು ಷರತ್ತುಗಳು’ ಎಂಬಲ್ಲಿಗೆ ಹಾರಿತು. ನಡುವಿನ ಇಡೀ ಪಟ್ಟಿ ಕೀಲಿಮಣೆಯ ಪಾಲಿಗೆ ಇಲ್ಲವೇ ಇಲ್ಲ. ಬ್ರೌಸರ್ ಬದಲಿಸಿದೆ, ಮತ್ತೆ ಲಾಗಿನ್ ಆದೆ, ಕೊನೆಗೆ ಹಠ ಹಿಡಿದು ಮೌಸ್‌ನಿಂದಲೇ ಒತ್ತಲು ಹೋಗಿ ಎರಡು ಬಾರಿ ‘ನಿರ್ಗಮಿಸಿ’ಯ ಮೇಲೆ ಒತ್ತಿ ಹೊರಬಿದ್ದೆ. ಆ ರಾತ್ರಿ ಮಗಳನ್ನು ಕೂರಿಸಿಕೊಂಡು, ಅವಳಿಗೆ ತೋರಿಸಬಾರದೆಂದುಕೊಂಡಿದ್ದ ವರದಿಗಳನ್ನೆಲ್ಲ ಅವಳ ಕಣ್ಣೆದುರೇ ತೆರೆದು, ಅವಳ ಕೈಯಿಂದ ಕ್ಲೇಮ್ ಕಳುಹಿಸಬೇಕಾಯಿತು.

ನಾನು ಹನ್ನೊಂದು ವರ್ಷ ವೆಬ್ ಅಪ್ಲಿಕೇಶನ್ನುಗಳನ್ನು ಕಟ್ಟುವ ತಂಡಗಳಲ್ಲೇ ದುಡಿದವಳು. ಹಾಗಾಗಿ ಆ ಪುಟದ ಕೋಡ್ ತೆರೆದು ನೋಡಿದೆ. ನೀಲಿ ಅಕ್ಷರಗಳಲ್ಲಿ ಒಂದೂ ಕೊಂಡಿಯಾಗಿರಲಿಲ್ಲ. ಎಲ್ಲವೂ ಬರೀ ಡಿವ್‌ಗಳು, ಅಂದರೆ ತಮ್ಮದೇ ಅರ್ಥವಿಲ್ಲದ ಬರಿಯ ಡಬ್ಬಿಗಳು. ಪ್ರತಿಯೊಂದಕ್ಕೂ, ಮೌಸ್ ಒತ್ತಿದಾಗ ಏನಾಗಬೇಕೆಂದು ಹೇಳುವ ಒಂದು ಆನ್‌ಕ್ಲಿಕ್ ಅಂಟಿಸಿ, ಬಣ್ಣ ಬಳಿದು, ಮೌಸ್ ಮೇಲೆ ಬಂದಾಗ ಕೈಯ ಚಿತ್ರ ಕಾಣುವಂತೆ ಮಾಡಿ ಬಿಟ್ಟಿದ್ದರು. ನನಗೆ ತಡೆದುಕೊಳ್ಳಲಾಗದ ಸಿಟ್ಟು ಬಂದದ್ದು ಆಗ. ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಕೊಂಡಿಗೆಂದೇ ಆ್ಯಂಕರ್ ಎಂಬ ಟ್ಯಾಗ್ ಇದೆ. ಅದರ ಎಚ್‌ರೆಫ್ ಎಂಬ ಜಾಗದಲ್ಲಿ ವಿಳಾಸವೊಂದನ್ನು ಬರೆದರೆ ಸಾಕು, ಟ್ಯಾಬ್ ಅಲ್ಲಿ ನಿಲ್ಲುತ್ತದೆ, ಎಂಟರ್ ಅದನ್ನು ತೆರೆಯುತ್ತದೆ, ಕಂಟ್ರೋಲ್ ಜೊತೆ ಎಂಟರ್ ಒತ್ತಿದರೆ ಬ್ರೌಸರಿನ ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವು ಇದು ಕೊಂಡಿ ಎಂದು ತಾನೇ ಹೇಳುತ್ತದೆ. ಇದ್ಯಾವುದಕ್ಕೂ ಬರೆಯುವವರು ಬೆವರು ಸುರಿಸಬೇಕಿಲ್ಲ, ಬ್ರೌಸರ್ ಪುಕ್ಕಟೆಯಾಗಿ ಕೊಡುತ್ತದೆ. ಹೀಗೆ ಬಿಟ್ಟಿ ಸಿಗುವುದನ್ನು ಒದ್ದು, ಹೆಚ್ಚು ಕೋಡ್ ಬರೆದು, ಕಡಿಮೆ ಕೆಲಸ ಮಾಡುವ ವಸ್ತುವನ್ನು ಕಟ್ಟುವುದು ಯಾವ ಸೀಮೆಯ ಕಸುಬು?

ವೆಬ್ ಹುಟ್ಟಿದ ಯುರೋಪಿನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ 1991ರಲ್ಲಿ ತಯಾರಾದ ಲೈನ್ ಮೋಡ್ ಬ್ರೌಸರಿನಲ್ಲಿ ಮೌಸ್‌ಗೆ ಕೆಲಸವೇ ಇರಲಿಲ್ಲ. ಪ್ರತಿ ಕೊಂಡಿಯ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆಯನ್ನು ಬರೆದು ಎಂಟರ್ ಒತ್ತಿದರೆ ಪುಟ ತೆರೆಯುತ್ತಿತ್ತು. ಮೂರು ದಶಕಗಳ ಹಿಂದೆ ಕಪ್ಪು ಪರದೆಯ ಟರ್ಮಿನಲ್ ಮುಂದೆ ಕುಳಿತವರು ಮಾಡುತ್ತಿದ್ದುದನ್ನು ನಾನು ಇಂದು ಇಷ್ಟು ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಮಾಡಲಾರೆ.

ಸಂಸ್ಥೆಗೆ ಪತ್ರ ಬರೆದೆ. ‘ದಯವಿಟ್ಟು ಮೌಸ್ ಬಳಸಿ ಪ್ರಯತ್ನಿಸಿ’ ಎಂಬ ಉತ್ತರ ಬಂತು. ಕೈ ನಡುಗುವುದನ್ನು ಮೊದಲ ಸಾಲಿನಲ್ಲೇ ಬರೆದಿದ್ದೆ. ಮತ್ತೆ ಬರೆದಾಗ, ಓದಿ ಹೇಳುವ ತಂತ್ರಾಂಶದಿಂದ ಪರೀಕ್ಷೆ ಮಾಡಿದ್ದೇವೆ, ಸರಿಯಾಗಿಯೇ ಇದೆ ಎಂದರು. ಈ ಮಾತನ್ನು ಒಳ್ಳೆಯ ತಂಡಗಳೂ ಹೇಳುತ್ತವೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಎನ್‌ವಿಡಿಎಯಂತಹ ಓದಿ ಹೇಳುವ ತಂತ್ರಾಂಶವು ಪುಟದ ಮೇಲೆ ತನ್ನದೇ ಓಡಾಟದ ವ್ಯವಸ್ಥೆಯನ್ನು ಇಟ್ಟುಕೊಂಡಿರುತ್ತದೆ. ಆನ್‌ಕ್ಲಿಕ್ ಇರುವ ಡಿವ್ ಮೇಲೆ ಎಂಟರ್ ಒತ್ತಿದರೆ ಮೌಸ್ ಒತ್ತಿದಂತೆ ಅದೇ ನಟಿಸಿ ಕೆಲಸ ಸಾಗಿಸಿಬಿಡುತ್ತದೆ. ಕಣ್ಣು ಕಾಣುವ, ಕೈ ಮಾತ್ರ ಕೇಳದ ನನ್ನಂಥವರು ಆ ತಂತ್ರಾಂಶವನ್ನು ಬಳಸುವುದಿಲ್ಲ. ನಮಗಿರುವುದು ಬರೀ ಟ್ಯಾಬ್ ಮತ್ತು ಎಂಟರ್. ಅದನ್ನು ಪರೀಕ್ಷಿಸಲು ತಂತ್ರಾಂಶವೇ ಬೇಡ: ಮೌಸ್ ಅನ್ನು ಪಕ್ಕಕ್ಕಿಟ್ಟು ಐದು ನಿಮಿಷ ಕುಳಿತರೆ ಸಾಕು.

ಮೂರನೆಯ ಪತ್ರದ ನಂತರ ಯಾರೋ ಆ ಡಿವ್‌ಗಳಿಗೆ ಟ್ಯಾಬ್‌ಇಂಡೆಕ್ಸ್ ಸೊನ್ನೆ ಎಂಬ ಸೂಚನೆ ಸೇರಿಸಿದರು. ಟ್ಯಾಬ್ ಈಗ ಪಟ್ಟಿಯ ಮೇಲೆ ನಿಲ್ಲುತ್ತದೆ, ಆದರೆ ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ, ಏಕೆಂದರೆ ಟ್ಯಾಬ್‌ಇಂಡೆಕ್ಸ್ ನಿಲ್ಲಿಸುತ್ತದೆಯೇ ಹೊರತು ಡಿವ್ ಅನ್ನು ಕೊಂಡಿಯಾಗಿಸುವುದಿಲ್ಲ. ಮೇಲಾಗಿ ಅಂದ ಕೆಡುತ್ತದೆಂದು ಟ್ಯಾಬ್ ನಿಂತಲ್ಲಿ ಸುತ್ತಲೂ ಮೂಡುವ ಗೆರೆಯನ್ನು (ಔಟ್‌ಲೈನ್) ತೆಗೆದುಹಾಕಿದ್ದರಿಂದ, ಟ್ಯಾಬ್ ಎಲ್ಲಿ ನಿಂತಿದೆ ಎಂಬುದೂ ಕಾಣುವುದಿಲ್ಲ. ಬಾಗಿಲ ಚಿತ್ರ ಬರೆದ ಗೋಡೆಯ ಮುಂದೆ ನನ್ನನ್ನು ಕರೆತಂದು ನಿಲ್ಲಿಸಿ, ದೀಪವನ್ನೂ ಆರಿಸಿದ ಹಾಗಾಯಿತು.

ಇದೆಲ್ಲ ಯಾರಿಗೂ ತಿಳಿಯದ ಸಂಗತಿಯಲ್ಲ. ಪುಟದ ಎಲ್ಲ ಕೆಲಸಗಳೂ ಕೀಲಿಮಣೆಯಿಂದ ಸಾಧ್ಯವಾಗಬೇಕೆಂಬುದು 2008ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.0 ಎಂಬ, ವೆಬ್ ಅಂಗವಿಕಲರಿಗೂ ಎಟುಕುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ, ಅದೂ ಎ ಎಂಬ ತೀರಾ ಕನಿಷ್ಠ ಹಂತದಲ್ಲಿ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆಗಳನ್ನು ತಲುಪುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿಯೂ ಆಗಿದೆ. ಹೀಗಿದ್ದೂ ನಾನು ಕೇಳುತ್ತಿರುವುದು ನ್ಯಾಯವಲ್ಲ, ಉಪಕಾರ ಎಂಬ ಧಾಟಿಯಲ್ಲಿ ಸಹಾಯವಾಣಿಯವರು ಮಾತನಾಡುತ್ತಾರೆ.

ನಾಲ್ಕನೆಯ ಪತ್ರದಲ್ಲಿ ಡಿವ್ ತೆಗೆದು ಆ್ಯಂಕರ್ ಹಾಕಿದ ಕೋಡನ್ನೇ ಬರೆದು ಕಳುಹಿಸಿದೆ. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತೇವೆ ಎಂದರು. ಅದಾದ ಮೇಲೆ ಮೂರು ಆವೃತ್ತಿಗಳು ಬಂದಿವೆ. ನೀಲಿ ಅಕ್ಷರಗಳು ಹಸಿರಾಗಿವೆ, ಪಕ್ಕದಲ್ಲಿ ಪುಟ್ಟ ಚಿತ್ರಗಳು ಬಂದಿವೆ, ಒಳಗಿನ ಡಿವ್‌ಗಳು ಹಾಗೆಯೇ ಇವೆ. ಬರುವ ತಿಂಗಳು ಪಾಲಿಸಿ ನವೀಕರಿಸಬೇಕು. ಮಗಳು ಈಗ ಬೇರೆ ಊರಿನಲ್ಲಿದ್ದಾಳೆ.