ಮೊದಲು ಕೇಳಿ, ಹೆಸರು ಆಮೇಲೆ
ಕಾರಣ ತಿಳಿಯದ ಅನುಭವಗಳನ್ನು ಹಿರಿಯರಿಂದ ಕೇಳಿ ಬರೆದಿಡಬೇಕು ಎಂಬ ಲೇಖನದ ಮಾತು ತುಂಬ ಹಿಡಿಸಿತು. ನಮ್ಮ ಅಜ್ಜಿ ಗದ್ದೆಯ ಬದುವಿನಲ್ಲಿ ಕೊಳ್ಳಿದೆವ್ವ ಕಂಡದ್ದನ್ನು ಹೇಳುವಾಗ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಅದು ಸುಳ್ಳು ಹೇಳುವವರ ಕೈ ಅಲ್ಲ ಮಾರಾಯ್ರೆ. ಆದರೆ ಕೇಳಿದ ಕೂಡಲೇ ಸುಮ್ನೆ 'ಕುಲೆ' (ತುಳುವಿನಲ್ಲಿ ಸತ್ತವರ ಪ್ರೇತ) ಎಂದು ಹೆಸರಿಡಬೇಡಿ. ಮಳೆ ಇತ್ತಾ, ಅಮಾವಾಸ್ಯೆಯಾ, ಜೊತೆಗೆ ಯಾರಿದ್ದರು, ಎಷ್ಟು ಹೊತ್ತು ಕಂಡಿತು, ಇಷ್ಟನ್ನಾದರೂ ಕೇಳಿ. ಲಂಡನ್ನಿನಲ್ಲಿ 1882ರಲ್ಲೇ ಇಂಥ ಅನುಭವಗಳನ್ನು ಪರಿಶೀಲಿಸಲೆಂದು ಒಂದು ಸಂಘ ಕಟ್ಟಿ, ಮುಂದೆ ಸುಮಾರು 17,000 ಜನರನ್ನು ವಿಚಾರಿಸಿದ್ದರು. 2020ರಲ್ಲಿ ನಮ್ಮ ಉಡುಪಿ ಕಡಲತೀರದ ಮಟ್ಟು, ಪಡುಕೆರೆ ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದವಲ್ವಾ? ಕಡಲಿನ ಸೂಕ್ಷ್ಮಜೀವಿಗಳ ಬೆಳಕದು. ಹಿಂದೆ ಯಾರಾದರೂ ಅದನ್ನೇ ಕಂಡಿದ್ದರೆ ಏನೆಂದು ಹೇಳಿದ್ದರೋ! ಅಜ್ಜಿಯ ಓರಗೆಯವರು ಊರಲ್ಲಿ ಇನ್ನು ಇಬ್ಬರೇ ಇದ್ದಾರೆ. ಈ ಭಾನುವಾರ ಹೋಗಿ ಅವರ ಮಾತನ್ನು ತುಳುವಿನಲ್ಲೇ ರೆಕಾರ್ಡ್ ಮಾಡುತ್ತೇನೆ.