ಸಾಗರ ಕ್ಷೇತ್ರದ ಚರಿತ್ರೆಯನ್ನು ಪಹಣಿಯಲ್ಲಿ ಓದಬೇಕು

ಚುನಾವಣೆ ಹತ್ತಿರ ಬಂದಾಗಲೆಲ್ಲ ಸಾಗರ ವಿಧಾನಸಭಾ ಕ್ಷೇತ್ರದ ಬಗ್ಗೆ ಕೇಳಿಬರುವುದು ಒಂದೇ ಲೆಕ್ಕ. ದೀವರೆಷ್ಟು, ಲಿಂಗಾಯತರೆಷ್ಟು, ಬ್ರಾಹ್ಮಣರೆಷ್ಟು, ಕಳೆದ ಸಲ ಗೆದ್ದವರ ಅಂತರವೆಷ್ಟು. ಈ ಕ್ಷೇತ್ರಕ್ಕೆ ಇದಕ್ಕಿಂತ ದೊಡ್ಡ ಚರಿತ್ರೆ ಇದೆ. ಇಲ್ಲಿನ ಶಾಸಕರನ್ನು ತೂಗಲು ನನಗೆ ಒಂದೇ ಪ್ರಶ್ನೆ ಸಾಕು: ಇವರ ಕಾಲದಲ್ಲಿ ಉಳುವವರ ಹೆಸರು ಪಹಣಿಗೆ, ಅಂದರೆ ಜಮೀನಿನ ಸರ್ಕಾರಿ ದಾಖಲೆಗೆ, ಏರಿತೇ?

ಸಾಗರ ತಾಲ್ಲೂಕಿನ ಕಾಗೋಡು ಎಂಬ ಊರಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದಿಂದಲೇ ಶುರುಮಾಡಬೇಕು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಎಂಬುದು ರೈತರ ತಕರಾರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಜಮೀನಿನ ಒಡೆಯರು ಬಗ್ಗಲಿಲ್ಲ, ರೈತರು ಗದ್ದೆಗಿಳಿದು ಸತ್ಯಾಗ್ರಹ ಹೂಡಿದರು, ತಂಡ ತಂಡವಾಗಿ ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು.

ಮರುವರ್ಷವೇ ಮೊದಲ ಮಹಾಚುನಾವಣೆ. ಸಾಗರ–ಹೊಸನಗರದ ಮತದಾರರು ಇನ್ನೂ ಮೂವತ್ತು ತುಂಬದ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಯಾರು ಗೊತ್ತೇ? ಕಾಗೋಡಿನ ಭೂಮಾಲೀಕರೇ ಆದ ಕೆ.ಜಿ. ಒಡೆಯರ್, ಕಾಂಗ್ರೆಸ್ಸಿನಿಂದ. ಗೇಣಿದಾರರ ಪರ ನಿಂತವರು ಬೆಂಗಳೂರಿಗೆ, ಒಡೆಯರು ದೆಹಲಿಗೆ. ಒಡೆಯರ್ 1957ರಲ್ಲೂ ಗೆದ್ದರು, ಗೋಪಾಲಗೌಡರು ಆ ಸಲ ಸೋತರು. ಚಳವಳಿ ಮಾಡಿದ ಕೂಡಲೇ ಊರೆಲ್ಲ ಒಂದೇ ಕಡೆ ವಾಲಿತು ಅಂತ ತಿಳಿದವರು ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಗೋಪಾಲಗೌಡರು ಆಮೇಲೆ 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ವಿರೋಧ ಪಕ್ಷದಲ್ಲೇ ಕೂತು ಗೇಣಿದಾರರ ಮಾತನ್ನು ಸದನದ ಮಾತಾಗಿ ಮಾಡಿದರು. 1972ರ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗಿನ್ನೂ ನಲವತ್ತೊಂಬತ್ತು. ಅದೇ ವರ್ಷ ಸಾಗರದಿಂದ ಸಮಾಜವಾದಿ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದವರು ವಕೀಲ ಕಾಗೋಡು ತಿಮ್ಮಪ್ಪ. ಸತ್ಯಾಗ್ರಹ ನಡೆದ ಊರಿನ ಹೆಸರನ್ನೇ ಹೊತ್ತ ದೀವರ ಮಗ ಶಾಸಕರಾದರು! ಎರಡೇ ವರ್ಷಕ್ಕೆ, 1974ರಲ್ಲಿ, ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿ, ಫಾರಂ 7, ಕೊಟ್ಟರು, ಭೂನ್ಯಾಯಮಂಡಳಿ ಮುಂದೆ ನಿಂತರು, ಜಮೀನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಕಾನೂನು ತಂದ ಕೀರ್ತಿ ಅರಸರದ್ದು, ನಿಜ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಜೈಲಿಗೆ ಹೋದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ನನಗೆ ತುಂಬಾ ನೋವಿನ ಸಂಗತಿ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ತಿಮ್ಮಪ್ಪ ಕಾಂಗ್ರೆಸ್ ಸೇರಿದರು. 1989ರಿಂದ ಸತತ ಮೂರು ಸಲ ಗೆದ್ದರು. 2004, 2008ರಲ್ಲಿ ಬೇಳೂರು ಗೋಪಾಲಕೃಷ್ಣ ಬಿಜೆಪಿಯಿಂದ ಗೆದ್ದರು, 2013ರಲ್ಲಿ ಮತ್ತೆ ತಿಮ್ಮಪ್ಪ, 2018ರಲ್ಲಿ ಬಿಜೆಪಿಯ ಹರತಾಳು ಹಾಲಪ್ಪ, 2023ರಲ್ಲಿ ಬೇಳೂರು, ಈ ಬಾರಿ ಕಾಂಗ್ರೆಸ್ಸಿನಿಂದ. ನಡುವೆ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಯಿತು. ಆ ತಾಲ್ಲೂಕನ್ನು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿದರು. ಸಾಗರ ತಾಲ್ಲೂಕಿನ ತಾಳಗುಪ್ಪ ಹೋಬಳಿ ಸೊರಬಕ್ಕೆ ಹೋಯಿತು. ಕಚೇರಿ ಒಂದು ಕಡೆ, ಶಾಸಕರು ಇನ್ನೊಂದು ಕಡೆ. ಜನರನ್ನು ಹೀಗೆ ಅಲೆಸುವುದು ತಪ್ಪು. ಮುಂದಿನ ಪುನರ್ವಿಂಗಡಣೆಯಲ್ಲಾದರೂ ತಾಲ್ಲೂಕನ್ನು ಒಡೆಯದಿರಲಿ.

ತಿಮ್ಮಪ್ಪನವರು 2016ರಲ್ಲಿ ಕಂದಾಯ ಸಚಿವರಾದಾಗ ಕೈಗೆತ್ತಿಕೊಂಡದ್ದೂ ಜನರ ಹೆಸರನ್ನು ದಾಖಲೆಗೆ ಏರಿಸುವ ಕೆಲಸವನ್ನೇ. ತಾಂಡಾ, ಹಾಡಿ, ಹಟ್ಟಿಗಳಲ್ಲಿ ದಾಖಲೆಯಿಲ್ಲದೆ ಬದುಕುವವರಿಗೆ ಮನೆಯಡಿಯ ಜಾಗದ ಹಕ್ಕು ಕೊಡಲು ಭೂಸುಧಾರಣೆ ಕಾಯ್ದೆಗೆ 38-ಎ ಕಲಂ ಸೇರಿತು. ಎಪ್ಪತ್ತೆರಡರಲ್ಲಿ ಮೊದಲು ಸದನಕ್ಕೆ ಹೋದವರು ಎಂಬತ್ತು ದಾಟಿದ ಮೇಲೂ ಅದೇ ಪ್ರಶ್ನೆಯ ಬೆನ್ನು ಬಿಡಲಿಲ್ಲ. ಪಕ್ಷ ಯಾವುದೇ ಇರಲಿ, ಇದಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಒಂದು ಬಾಕಿಯನ್ನು ಯಾರೂ ತೀರಿಸಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರದ ಹಳ್ಳಿಗಳು ಮುಳುಗಿದವು, ರಾಜ್ಯಕ್ಕೆ ಬೆಳಕು ಬಂತು. ಎಬ್ಬಿಸಿದ ಕುಟುಂಬಗಳನ್ನು ಕಾಡಿನಂಚಿಗೆ ಒಯ್ದು ಬಿಟ್ಟರು, ಎಷ್ಟೋ ಜನರಿಗೆ ಇಂದಿಗೂ ಹಕ್ಕುಪತ್ರ ಇಲ್ಲ. ಅರಣ್ಯಭೂಮಿಯನ್ನು ಡಿನೋಟಿಫೈ ಮಾಡಿ, ಅಂದರೆ ಅರಣ್ಯದ ಪಟ್ಟಿಯಿಂದ ಕೈಬಿಟ್ಟು, ಹೊರಡಿಸಿದ ಆದೇಶಗಳೂ ಕೇಂದ್ರದ ಅನುಮತಿ ಪಡೆಯದ ಕಾರಣ ಹೈಕೋರ್ಟಿನಲ್ಲಿ ಬಿದ್ದುಹೋದವು. ಹಿನ್ನೀರಿನಾಚೆಯ ತುಮರಿಯವರು ದಶಕಗಳ ಕಾಲ ಲಾಂಚ್ ನಂಬಿ ಬದುಕಿದರು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಸೇತುವೆ ಆಯಿತು, ಸಂತೋಷ. ಇನ್ನು ಹಕ್ಕುಪತ್ರ ಆಗಬೇಕು. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವವರ ಅರ್ಜಿ ನೋಡುವ ಬಗರ್‌ಹುಕುಂ ಸಮಿತಿಯ ಅಧ್ಯಕ್ಷರು ಶಾಸಕರೇ ಅಲ್ಲವೇ? ಫಾರಂ 50, 53, 57ರಲ್ಲಿ ಬಂದ ಅರ್ಜಿಗಳೆಷ್ಟು, ವಿಲೇವಾರಿ ಆದವೆಷ್ಟು, ತಿರಸ್ಕಾರವಾದವು ಯಾಕೆ ಎಂದು ಪಂಚಾಯಿತಿವಾರು ಪಟ್ಟಿ ಮಾಡಿ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಮುಳುಗಡೆ ಸಂತ್ರಸ್ತರ ಪಟ್ಟಿಯನ್ನು ಬೇರೆಯಾಗಿಯೇ ಹಾಕಲಿ. ಈಗಿನ ಶಾಸಕರನ್ನೂ, ಮುಂದೆ ಮತ ಕೇಳಲು ಬರುವವರನ್ನೂ ನಾನು ಕೇಳುವುದು ಇದನ್ನೇ. ಸಾಗರದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನೀವೂ ಕೇಳಿ.