10 ದಿನಕ್ಕೆ ಸಭಾಕಂಪನ ಹೋಗುತ್ತದಾ?

ನಿಮ್ಮ ಲೇಖನದಲ್ಲಿ 'ಬರೀ 10 ದಿನದ ಬೇಸಿಗೆ ಕ್ಲಾಸಿನಲ್ಲಿ ಮಕ್ಕಳ ಸಭಾಕಂಪನ ಮಾಯ' ಎಂದು ಬರೆದಿದ್ದೀರಿ. ಇದನ್ನು ಮಾತ್ರ ಒಪ್ಪಲು ಆಗುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ 9ನೇ ಕ್ಲಾಸಿನ ನನ್ನ ಮಗಳನ್ನು ಜಯನಗರದ ಇಂಥದೇ ಒಂದು ಕ್ಲಾಸಿಗೆ ಸೇರಿಸಿದ್ದೆ. ಕೊನೆಯ ದಿನ ಎಲ್ಲ ಮಕ್ಕಳೂ ಪಟಪಟ ಮಾತಾಡಿದರು, ನಾವೂ ಚಪ್ಪಾಳೆ ತಟ್ಟಿದೆವು. ಮನೆಗೆ ಬಂದ ಮೇಲೆ ಗೊತ್ತಾಯಿತು, ಭಾಷಣ ಬರೆದುಕೊಟ್ಟವರು ಮೇಷ್ಟ್ರು, ಇವಳದು ಬರೀ ಬಾಯಿಪಾಠ. ಬರವಣಿಗೆ ಕ್ಲಾಸಿಗೂ ಸೇರಿಸಿ ಫೀಸು ಕಟ್ಟಿದ್ದೆ ಅಲ್ವಾ!

ಭಾಷಣ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳ ಸಭೆಗಳಲ್ಲಿ ಆಗಷ್ಟೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತಾಡಿಸುತ್ತಾರೆ. ಎಷ್ಟು ಸಲ 'ಆ', 'ಉಂ' ಅಂದಿರಿ ಎಂದು ಎಣಿಸುವುದಕ್ಕೇ ಒಬ್ಬರು ಕೂತಿರುತ್ತಾರೆ. ಸದಸ್ಯರಾಗಲು 18 ತುಂಬಿರಬೇಕು, ಚಿಕ್ಕವರಿಗೆ ಅವರದೇ ಗ್ಯಾವೆಲ್ ಕ್ಲಬ್ ಇದೆ. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ನಾವಂತೂ ಈಗ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗುತ್ತೇವೆ. ಕಂಡಿದ್ದರಲ್ಲಿ ಯಾವುದಾದರೂ ಒಂದರ ಬಗ್ಗೆ ಅವಳು ಹತ್ತು ಸಾಲು ಬರೆದು, ಚೀಟಿ ನೋಡದೆ ಅಜ್ಜಿಗೆ ಹೇಳಬೇಕು. ಅಜ್ಜಿ ಸುಮ್ನೆ ಕೇಳುವವರಲ್ಲ, ನಡುನಡುವೆ ಪ್ರಶ್ನೆ ಹಾಕುತ್ತಾರೆ. ಮಗಳು ಇನ್ನೂ ತಡವರಿಸುತ್ತಾಳೆ, ನಿಜ. ಆದರೆ ಮೊನ್ನೆ ಒಂದು ಪ್ರಶ್ನೆಗೆ ಅಜ್ಜಿಯ ಜೊತೆ ಕಾಲು ಗಂಟೆ ವಾದಕ್ಕೇ ನಿಂತಳು.